ಲ್ಯಾಪ್‌ಟಾಪಿನೊಳಗೆ ಬ್ಯಾಕ್ಟೀರಿಯಾ ಬೆಳೆಸುವ ಲೆಕ್ಕ

ಅರಕಲಗೂಡು, ಹೊಳೆನರಸೀಪುರದ ಕಡೆ ಆಲೂಗಡ್ಡೆ ಹಾಕುವವರಿಗೆ ಅಂಗಮಾರಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಮುಂಗಾರಿನಲ್ಲಿ ನಾಲ್ಕು ದಿನ ಮೋಡ ಕವಿದು ಸೋನೆ ಹಿಡಿದರೆ ಸಾಕು, ಎಲೆಯ ಅಂಚಿನಲ್ಲಿ ನೀರು ಕುಡಿದಂಥ ಕಲೆ ಕಾಣಿಸಿಕೊಂಡು ನೋಡುನೋಡುತ್ತಲೇ ಹೊಲಕ್ಕೆ ಹೊಲವೇ ಕಪ್ಪಾಗುತ್ತದೆ. ಗೊಬ್ಬರದಂಗಡಿಗೆ ಓಡಿದರೆ ಕೌಂಟರಿನ ಮೇಲೆ ಹತ್ತಾರು ಬಗೆಯ ಔಷಧಿ. ಅವುಗಳ ಪೈಕಿ ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್ ಮೊದಲಾದ ‘ಜೋಲ್’ ಗುಂಪಿನವು ಬೇರೆ ಎಷ್ಟೋ ರೋಗಕ್ಕೆ ಒಳ್ಳೆಯವು, ಅಂಗಮಾರಿಯ ಹತ್ತಿರ ಮಾತ್ರ ಅವುಗಳ ಆಟ ನಡೆಯುವುದಿಲ್ಲ. ಶಿಲೀಂಧ್ರವು ತನ್ನ ಕೋಶದ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಿಸಿಕೊಳ್ಳುವ ಹಾದಿಯನ್ನು ಈ ಔಷಧಿಗಳು ಕಟ್ಟುತ್ತವೆ. ಅಂಗಮಾರಿ ತರುವ ಫೈಟಾಫ್ತೊರಾ ಇನ್‌ಫೆಸ್ಟಾನ್ಸ್ ಶಿಲೀಂಧ್ರದ ಹಾಗೆ ಕಂಡರೂ ಊಮೈಸೀಟ್ ಎಂಬ ಬೇರೆಯೇ ವಂಶದ್ದು. ಸ್ಟೆರಾಲ್ ತಯಾರಿಸುವ ಹಾದಿಯೇ ಅದಕ್ಕಿಲ್ಲ. ಇಲ್ಲದ ಹಾದಿಗೆ ಬೇಲಿ ಹಾಕಿ ಏನು ಫಲ?

ಒಂದು ಜೀವಿಯೊಳಗೆ ಯಾವ ಹಾದಿ ಇದೆ, ಯಾವುದು ಇಲ್ಲ, ಯಾವುದನ್ನು ಕಟ್ಟಿದರೆ ಅದು ಸಾಯುತ್ತದೆ, ಯಾವುದನ್ನು ಕಟ್ಟಿದರೂ ಇನ್ನೊಂದು ಕಡೆಯಿಂದ ನುಸುಳಿಕೊಂಡು ಬದುಕುತ್ತದೆ? ಇದನ್ನೆಲ್ಲ ಆ ಜೀವಿಯ ಇಡೀ ಜೀನೋಮನ್ನು ಮುಂದಿಟ್ಟುಕೊಂಡು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿದ್ಯೆಗೆ ಜೀನೋಮ್ ಸ್ಕೇಲ್ ಮೆಟಬಾಲಿಕ್ ಮಾಡೆಲಿಂಗ್ ಎನ್ನುತ್ತಾರೆ. ಜೀವಕೋಶದ ಚಯಾಪಚಯದ ಪೂರ್ತಿ ನಕ್ಷೆ ಬರೆದು ಆ ನಕ್ಷೆಯ ಮೇಲೆ ಗಣಿತ ನಡೆಸುವುದು ಎಂದಿಟ್ಟುಕೊಳ್ಳಿ. ಅಂಗಮಾರಿಯ ಜೀವಿಯ ಜೀನೋಮ್ ಪ್ರಕಟವಾದದ್ದು 2009ರಲ್ಲಿ. ಅದರ ಚಯಾಪಚಯದ ಮಾಡೆಲನ್ನು ನೆದರ್ಲೆಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯದವರು 2018ರಲ್ಲಿ ಕಟ್ಟಿದರು. ಮರುವರ್ಷ ಅದನ್ನು ಟೊಮೆಟೊ ಗಿಡದ ಮಾಡೆಲಿನ ಜೊತೆ ಜೋಡಿಸಿ, ರೋಗ ಗಿಡದಿಂದ ಏನೇನು ಕಿತ್ತುಕೊಳ್ಳುತ್ತದೆ ಎಂದು ಲೆಕ್ಕ ಹಾಕಿ ನೋಡಿದರು.

ಈ ಲೇಖನ ಹಾಸನ ಸೀಮೆಯ ಬಿ.ಎಸ್ಸಿ., ಎಂ.ಎಸ್ಸಿ., ಕೃಷಿ, ಬಯೋಟೆಕ್ನಾಲಜಿ ವಿದ್ಯಾರ್ಥಿಗಳಿಗೆ ಮತ್ತು ಅವರಿಗೆ ಪಾಠ ಹೇಳುವ ಮೇಷ್ಟ್ರುಗಳಿಗೆ. ‘ಜೀನೋಮ್’ ಎಂಬ ಹೆಸರು ಕೇಳಿದ ಕೂಡಲೇ ಕೋಟಿಗಟ್ಟಲೆಯ ಯಂತ್ರ, ಹವಾನಿಯಂತ್ರಿತ ಕೋಣೆ, ಬೆಂಗಳೂರಿನ ಸೀಟು ಎಲ್ಲ ಬೇಕೆಂದು ಹುಡುಗರು ಹಿಂಜರಿಯುತ್ತಾರೆ. ಜೀವಶಾಸ್ತ್ರದಲ್ಲಿ ಇಷ್ಟು ಕಡಿಮೆ ಬಂಡವಾಳ ಕೇಳುವ ಸಂಶೋಧನೆ ಇನ್ನೊಂದು ಸಿಗುವುದು ಕಷ್ಟ. ನಾಲ್ಕು ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪ್ ಸಾಕು. ತಂತ್ರಾಂಶ ಪುಕ್ಕಟೆ, ಮಾಡೆಲುಗಳು ಪುಕ್ಕಟೆ, ಮುಖ್ಯವಾದ ಪ್ರಬಂಧಗಳೂ ಬಹುಪಾಲು ಪುಕ್ಕಟೆ. ಕಷ್ಟ ಇರುವುದು ಬೇರೆ ಕಡೆ. ಕೋಡ್ ಬರೆಯುವುದು ಹದಿನೈದು ದಿನದ ಮಾತು. ಬಯೋಕೆಮಿಸ್ಟ್ರಿಯನ್ನು ನಿಜವಾಗಿ ತಿಳಿದುಕೊಳ್ಳುವುದು, ಕಂಪ್ಯೂಟರ್ ಕೊಟ್ಟ ಉತ್ತರವನ್ನು ಅನುಮಾನಿಸಲು ಕಲಿಯುವುದು ಅಷ್ಟು ಬೇಗ ಬರುವುದಿಲ್ಲ.

ಪಿಯುಸಿ ಗಣಿತವೇ ಬಂಡವಾಳ

ಹಾಲಿನ ಡೈರಿಯ ಪುಸ್ತಕ ನೋಡಿದವರಿಗೆ ಈ ವಿದ್ಯೆಯ ತಿರುಳು ಅರ್ಧ ಗೊತ್ತಿದ್ದ ಹಾಗೆ. ದಿನಕ್ಕೆ ಎಷ್ಟು ಲೀಟರ್ ಒಳಗೆ ಬಂತು, ಎಷ್ಟು ಟ್ಯಾಂಕರಿಗೆ ಹೋಯಿತು, ಎಷ್ಟು ಊರೊಳಗೆ ಮಾರಾಟವಾಯಿತು. ಬಂದದ್ದಕ್ಕೂ ಹೋದದ್ದಕ್ಕೂ ತಾಳೆಯಾಗಬೇಕು. ಜೀವಕೋಶದ ಒಳಗಿರುವ ಪ್ರತಿ ಅಣುವಿಗೂ ಇಂಥದೇ ಒಂದು ಪುಟ ತೆರೆಯಿರಿ. ಪೈರುವೇಟ್ ಯಾವ ಕ್ರಿಯೆಗಳಿಂದ ಹುಟ್ಟುತ್ತದೆ, ಯಾವುವುಗಳಲ್ಲಿ ಖರ್ಚಾಗುತ್ತದೆ? ಕೋಶ ಒಂದೇ ಸಮನಾಗಿ ಬೆಳೆಯುತ್ತಿದೆ ಎಂದಿಟ್ಟುಕೊಂಡರೆ ಹುಟ್ಟಿದ್ದು ಖರ್ಚಾದದ್ದಕ್ಕೆ ಸಮನಾಗಿರಲೇಬೇಕು. ಒಂದೊಂದು ಅಣುವಿಗೆ ಒಂದೊಂದು ಸಮೀಕರಣ. ಎಲ್ಲವನ್ನೂ ಸೇರಿಸಿದರೆ ಒಂದು ದೊಡ್ಡ ಮ್ಯಾಟ್ರಿಕ್ಸ್: ಅಡ್ಡ ಸಾಲುಗಳಲ್ಲಿ ಅಣುಗಳು, ಕಂಬಸಾಲುಗಳಲ್ಲಿ ರಾಸಾಯನಿಕ ಕ್ರಿಯೆಗಳು, ಮನೆಗಳಲ್ಲಿ ಆ ಕ್ರಿಯೆಯಲ್ಲಿ ಎಷ್ಟು ಅಣು ಹುಟ್ಟಿತು, ಎಷ್ಟು ಕರಗಿತು ಎಂಬ ಅಂಕಿ.

ಕ್ರಿಯೆಗಳು ಅಣುಗಳಿಗಿಂತ ಹೆಚ್ಚಿರುವುದರಿಂದ ಈ ಸಮೀಕರಣಗಳಿಗೆ ಒಂದೇ ಉತ್ತರ ಇರುವುದಿಲ್ಲ, ಲೆಕ್ಕವಿಲ್ಲದಷ್ಟು ಇರುತ್ತವೆ. ಅದಕ್ಕೇ ಮಿತಿಗಳನ್ನು ಹಾಕುತ್ತೇವೆ. ಸಕ್ಕರೆ ಗಂಟೆಗೆ ಇಷ್ಟೇ ಒಳಗೆ ಬರಬಹುದು, ಈ ಕ್ರಿಯೆ ಹಿಂದಕ್ಕೆ ನಡೆಯುವಂತಿಲ್ಲ, ಇತ್ಯಾದಿ. ಕೊನೆಗೆ ಒಂದು ಗುರಿ ಕೊಡುತ್ತೇವೆ. ಸಾಮಾನ್ಯವಾಗಿ ‘ಆದಷ್ಟು ಬೇಗ ಬೆಳೆ’ ಎಂಬುದು. ಮಿತಿಯೊಳಗೆ ಗುರಿಯನ್ನು ಗರಿಷ್ಠಗೊಳಿಸುವ ಈ ಲೆಕ್ಕ ದ್ವಿತೀಯ ಪಿಯುಸಿಯ ಲೀನಿಯರ್ ಪ್ರೋಗ್ರಾಮಿಂಗ್ ಅಧ್ಯಾಯವೇ. ಅಲ್ಲಿ ಎಕ್ಸ್, ವೈ ಎಂಬ ಎರಡೇ ಅಜ್ಞಾತಗಳಿದ್ದವು, ಗ್ರಾಫ್ ಎಳೆದು ಮೂಲೆಗಳನ್ನು ಪರೀಕ್ಷಿಸಿ ಉತ್ತರ ಬರೆದು ಅಂಕ ತೆಗೆದುಕೊಂಡಿರಿ. ಇಲ್ಲಿ ಎರಡರ ಬದಲು ಎರಡು ಸಾವಿರ. ಗ್ರಾಫ್ ಎಳೆಯಲಾಗದು, ಆದರೆ ಮೂಲೆಗಳನ್ನು ಹುಡುಕುವ ಸಿಂಪ್ಲೆಕ್ಸ್ ವಿಧಾನವನ್ನು ಜಾರ್ಜ್ ಡಾಂಟ್ಜಿಗ್ 1947ರಲ್ಲೇ ಕೊಟ್ಟಿದ್ದಾರೆ. ಜೀವಕೋಶಕ್ಕೆ ಅನ್ವಯಿಸಿದಾಗ ಇದರ ಹೆಸರು ಫ್ಲಕ್ಸ್ ಬ್ಯಾಲೆನ್ಸ್ ಅನಾಲಿಸಿಸ್, ಚಿಕ್ಕದಾಗಿ ಎಫ್‌ಬಿಎ.

ಪಿಸಿಎಂಬಿ ಓದಿದವರಿಗೆ ಇದೊಂದು ಅನುಕೂಲ. ಗಣಿತ ಕೈಬಿಟ್ಟು ಸಿಬಿಝಡ್‌ಗೆ ಬಂದವರು ಹೆದರಬೇಕಿಲ್ಲ. ಮ್ಯಾಟ್ರಿಕ್ಸ್ ಗುಣಾಕಾರ, ಏಕಕಾಲಿಕ ಸಮೀಕರಣ ಮತ್ತು ಈ ಒಂದು ಅಧ್ಯಾಯ, ಮೂರನ್ನು ತಮ್ಮನದೋ ತಂಗಿಯದೋ ಪಿಯುಸಿ ಪುಸ್ತಕ ತೆಗೆದು ಮತ್ತೆ ಓದಿದರೆ ಆರಂಭಕ್ಕೆ ಸಾಕು.

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಕೆಲಸ ಮಾಡಿ. ಗ್ಲೈಕಾಲಿಸಿಸ್‌ನ ಹತ್ತು ಕ್ರಿಯೆಗಳನ್ನು ಗ್ರಾಫ್ ಹಾಳೆಯ ಮೇಲೆ ಮ್ಯಾಟ್ರಿಕ್ಸ್ ಆಗಿ ಬರೆಯಿರಿ. ಎಟಿಪಿ, ಎಡಿಪಿ, ನೀರು, ಪ್ರೋಟಾನ್ ಯಾವುದನ್ನೂ ಬಿಡಬೇಡಿ. ಪರೀಕ್ಷೆಗಾಗಿ ಬಾಯಿಪಾಠ ಮಾಡಿದಾಗ ಕಣ್ತಪ್ಪಿದ್ದೆಲ್ಲ ಈ ಹಾಳೆಯ ಮೇಲೆ ಎದ್ದು ಕೂರುತ್ತದೆ. ಆಲ್ಡೊಲೇಸ್ ಹೆಜ್ಜೆಯಲ್ಲಿ ಆರು ಇಂಗಾಲದ್ದು ಒಡೆದು ಮೂರು ಇಂಗಾಲದವು ಎರಡಾಗುತ್ತವೆ, ಅವೆರಡೂ ಒಂದೇ ಹಾದಿಗೆ ಸೇರಿದ ನಂತರದ ಕ್ರಿಯೆಗಳು ಇಮ್ಮಡಿ ಸಲ ನಡೆಯಬೇಕಾಗುತ್ತದೆ. ಅದನ್ನು ಮರೆತರೆ ತಾಳೆಯಾಗುವುದೇ ಇಲ್ಲ.

ಬೆಂಗಳೂರಿನ 219 ಕ್ರಿಯೆಗಳು

ನಮ್ಮ ನಾಡಿನಲ್ಲೇ ಈ ದಾರಿಯಲ್ಲಿ ನಡೆದ ಒಳ್ಳೆಯ ಕೆಲಸವೊಂದಿದೆ. 2005ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ರಾಮನ್, ಪ್ರೀತಿ ರಾಜಗೋಪಾಲನ್, ನಾಗಸುಮಾ ಚಂದ್ರ ಈ ಮೂವರು ‘ಪ್ಲಾಸ್ ಕಂಪ್ಯೂಟೇಷನಲ್ ಬಯಾಲಜಿ’ ಪತ್ರಿಕೆಯಲ್ಲಿ ಕ್ಷಯರೋಗದ ಬ್ಯಾಕ್ಟೀರಿಯಾ ಕುರಿತು ಪ್ರಬಂಧ ಪ್ರಕಟಿಸಿದರು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಠ್ಯ ನನಗೆ ಕಂಡಿಲ್ಲ. ಯಾಕೆಂದರೆ ಅವರು ಇಡೀ ಜೀನೋಮಿಗೆ ಕೈ ಹಾಕಲಿಲ್ಲ.

ಕ್ಷಯದ ಬ್ಯಾಕ್ಟೀರಿಯಾದ ಜೀನೋಮ್ 1998ರಲ್ಲಿ ಪ್ರಕಟವಾಗಿತ್ತು. ಸುಮಾರು 44 ಲಕ್ಷ ಅಕ್ಷರ, ನಾಲ್ಕು ಸಾವಿರದಷ್ಟು ಜೀನ್. ಅದರ ಹೊರಪದರದಲ್ಲಿ ಮೈಕೋಲಿಕ್ ಆಮ್ಲ ಎಂಬ ಬಹಳ ಉದ್ದನೆಯ ಕೊಬ್ಬಿನ ಆಮ್ಲವಿದೆ. ಔಷಧಿ ಸುಲಭವಾಗಿ ಒಳಗಿಳಿಯದಂತೆ ತಡೆಯುವುದರಲ್ಲಿ ಈ ಪದರದ ಪಾಲು ದೊಡ್ಡದು. 1952ರಿಂದ ಬಳಕೆಯಲ್ಲಿರುವ, ಇವತ್ತಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ ಐಸೊನಿಯಾಜಿಡ್ ಮಾತ್ರೆ ಹೊಡೆಯುವುದು ಈ ಆಮ್ಲ ತಯಾರಾಗುವ ಸಾಲಿನ ಇನ್‌ಹ್-ಎ ಎಂಬ ಕಿಣ್ವವನ್ನು. ಬೆಂಗಳೂರಿನವರು ಆ ಒಂದು ಸಾಲನ್ನೇ ಹಿಡಿದು ಪೂರ್ತಿ ಬರೆದರು: 197 ಅಣು, 219 ಕ್ರಿಯೆ, ಅವನ್ನು ನಡೆಸುವ 28 ಪ್ರೋಟೀನ್. ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದೇ ಜೀನನ್ನು ತೆಗೆದು, ಮೈಕೋಲಿಕ್ ಆಮ್ಲದ ಉತ್ಪಾದನೆ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿದರು.

ಗೊತ್ತಿದ್ದ ಇನ್‌ಹ್-ಎ ಆ ಪಟ್ಟಿಯಲ್ಲಿ ಸಿಕ್ಕಿತು. ಗೊತ್ತಿರುವುದನ್ನು ಸರಿಯಾಗಿ ಹೇಳಿದರೆ ತಾನೆ ಗೊತ್ತಿಲ್ಲದ್ದರ ಬಗ್ಗೆ ಮಾಡೆಲಿನ ಮಾತಿಗೆ ಕಿವಿಗೊಡಬಹುದು? ಅವರು ಅಲ್ಲಿಗೂ ನಿಲ್ಲಲಿಲ್ಲ. ಪ್ರಯೋಗಾಲಯದಲ್ಲಿ ಜೀನ್ ಕೆಡಿಸಿ ಮೊದಲೇ ತಯಾರಾಗಿದ್ದ ‘ಅನಿವಾರ್ಯ ಜೀನ್’ಗಳ ಪಟ್ಟಿಯ ಜೊತೆ ತಮ್ಮ ಉತ್ತರವನ್ನು ತಾಳೆ ನೋಡಿದರು. ಮನುಷ್ಯನಲ್ಲಿ ಅದನ್ನೇ ಹೋಲುವ ಪ್ರೋಟೀನ್ ಇದ್ದರೆ ಔಷಧಿ ರೋಗಿಗೂ ಏಟು ಕೊಡುತ್ತದಲ್ಲ, ಅದನ್ನೂ ಜಾಲಿಸಿದರು. ಕೊನೆಗೆ ಉಳಿದವು ಅಕ್‌ಡಿ3, ಫ್ಯಾಸ್, ಫ್ಯಾಬ್-ಎಚ್, ಪಿಕೆಎಸ್13, ಡೆಸ್-ಎ ಗುಂಪಿನವು. ಇವೇ ಔಷಧಿ ಎಂದು ಅವರು ಹೇಳಿಲ್ಲ, ಪ್ರಯೋಗಾಲಯದವರು ಪರೀಕ್ಷಿಸಲು ಯೋಗ್ಯವಾದ ಕಿರುಪಟ್ಟಿ ಎಂದರು. ಅದೇ ಸರಿಯಾದ ಮಾತು. 2008ರಲ್ಲಿ ಅದೇ ಗುಂಪು ಈ ಲೆಕ್ಕವನ್ನು ಇನ್ನಷ್ಟು ಜರಡಿಗಳ ಜೊತೆ ಸೇರಿಸಿ, ಇಡೀ ಜೀನೋಮಿನಿಂದ 451 ಗುರಿಗಳನ್ನು ಆರಿಸಿತು.

ಇದರ ಜೊತೆಗೆ ನೆನೆಯಬೇಕಾದ ಇನ್ನೊಂದು ಪ್ರಯತ್ನವಿದೆ. ಸಿಎಸ್‌ಐಆರ್ 2008ರಲ್ಲಿ ಶುರು ಮಾಡಿದ ‘ಓಪನ್ ಸೋರ್ಸ್ ಡ್ರಗ್ ಡಿಸ್ಕವರಿ’ ಯೋಜನೆಯಲ್ಲಿ ದೇಶದ ನಾನಾ ಕಡೆಯ ವಿದ್ಯಾರ್ಥಿಗಳು ತಾವಿದ್ದ ಊರಲ್ಲೇ ಕೂತು ಕ್ಷಯದ ಬ್ಯಾಕ್ಟೀರಿಯಾದ ಜೀನುಗಳ ಬಗ್ಗೆ ಬಂದಿದ್ದ ಪ್ರಬಂಧಗಳನ್ನು ಓದಿ ಟಿಪ್ಪಣಿ ಬರೆದರು. 890 ಜೀನುಗಳ ಚಯಾಪಚಯ ಮಾಡೆಲೊಂದು ಆ ಯೋಜನೆಯಿಂದ 2014ರಲ್ಲಿ ಹೊರಬಂತು. ಕಾಲೇಜು ಹುಡುಗರ ಕೈಲಾಗುವ ಕೆಲಸ ಅಲ್ಲ ಎನ್ನುವವರಿಗೆ ಈ ಉದಾಹರಣೆ ಹೇಳಬಹುದು.

ಮೊದಲ ವಾರದ ಅಭ್ಯಾಸ

ಜಿಮೇಲ್ ಖಾತೆ ಇದ್ದರೆ ಗೂಗಲ್ ಕೊಲ್ಯಾಬ್ ತೆರೆಯಿರಿ. ಬ್ರೌಸರಿನಲ್ಲೇ ಪೈಥಾನ್ ಓಡುತ್ತದೆ, ಲ್ಯಾಪ್‌ಟಾಪಿಗೆ ಏನನ್ನೂ ಹಾಕಬೇಕಿಲ್ಲ. ಮೊಬೈಲಿನಲ್ಲೂ ಮಾಡಬಹುದು, ಆದರೆ ಕಣ್ಣಿಗೂ ಬೆರಳಿಗೂ ಶಿಕ್ಷೆ. ‘ಪಿಪ್ ಇನ್‌ಸ್ಟಾಲ್ ಕೋಬ್ರಾ’ ಎಂಬ ಒಂದು ಸಾಲಿನಿಂದ ಕೋಬ್ರಾಪೈ ಎಂಬ ಪ್ಯಾಕೇಜು ಬಂದು ಕೂರುತ್ತದೆ. 2013ರಲ್ಲಿ ಬಂದ ಈ ಪ್ಯಾಕೇಜು ಈಗ ಈ ಕ್ಷೇತ್ರದ ದಿನಬಳಕೆಯ ಉಪಕರಣ. ಇದಕ್ಕಿಂತ ಹಳೆಯದಾದ ಕೋಬ್ರಾ ಟೂಲ್‌ಬಾಕ್ಸ್‌ಗೆ ಮ್ಯಾಟ್‌ಲ್ಯಾಬ್ ಬೇಕು, ಅದರ ಲೈಸೆನ್ಸ್ ದುಬಾರಿ. ಕಾಲೇಜಿನಲ್ಲಿ ಇಲ್ಲದಿದ್ದರೆ ಅದರ ಗೊಡವೆ ಬೇಡ. ಕರೆಂಟು, ನೆಟ್ಟು ಕೈಕೊಡುವ ಊರಾದರೆ ಲ್ಯಾಪ್‌ಟಾಪಿಗೇ ಪೈಥಾನ್ ಹಾಕಿಕೊಳ್ಳಿ. ಒಮ್ಮೆ ಹಾಕಿಕೊಂಡರೆ ಆಮೇಲೆ ನೆಟ್ ಇಲ್ಲದೆಯೂ ಕೆಲಸ ನಡೆಯುತ್ತದೆ.

ಶುರುವಿಗೆ ‘ಇ. ಕೋಲಿ ಕೋರ್’ ಮಾಡೆಲ್ ತೆಗೆದುಕೊಳ್ಳಿ. ಕೋಬ್ರಾಪೈ ಒಳಗೆ ಇದು ‘ಟೆಕ್ಸ್ಟ್‌ಬುಕ್’ ಎಂಬ ಹೆಸರಿನಲ್ಲಿದೆ. 72 ಅಣು, 95 ಕ್ರಿಯೆ, 137 ಜೀನ್. ಇದೇ ಬ್ಯಾಕ್ಟೀರಿಯಾದ ಪೂರ್ಣ ಮಾಡೆಲ್ ಆದ ಐಎಂಎಲ್1515ರಲ್ಲಿ 1515 ಜೀನ್, 2719 ಕ್ರಿಯೆಗಳಿವೆ. 2017ರದು, ಈಗಲೂ ಮಾದರಿಯೆನಿಸಿದ್ದು. ಆದರೆ ಮೊದಲೇ ಅದಕ್ಕೆ ಹೋದರೆ ಎಲ್ಲಿ ಏನು ತಪ್ಪಾಯಿತೆಂದು ಹುಡುಕಲಾರಿರಿ. ಚಿಕ್ಕದರಲ್ಲಿ ತೊಂಬತ್ತೈದು ಕ್ರಿಯೆಗಳನ್ನೂ ಒಂದೊಂದಾಗಿ ಕಣ್ಣಿಂದ ಓದಬಹುದು.

ಹಾಗೇ ಓಡಿಸಿದರೆ ಬೆಳವಣಿಗೆಯ ದರ ಗಂಟೆಗೆ 0.874 ಎಂದು ಬರುತ್ತದೆ. ಅಂದರೆ ಸುಮಾರು 48 ನಿಮಿಷಕ್ಕೊಮ್ಮೆ ಬ್ಯಾಕ್ಟೀರಿಯಾ ಇಮ್ಮಡಿ. ಇಲ್ಲಿ ಗ್ಲೂಕೋಸಿನ ಮಿತಿ 10. ಅದರ ಮಾನ, ಒಂದು ಗ್ರಾಂ ಒಣತೂಕದ ಕೋಶ ಒಂದು ಗಂಟೆಗೆ ಒಳಗೆಳೆದುಕೊಳ್ಳುವ ಮಿಲಿಮೋಲ್. ಈ ಅಂಕಿ ಮೈನಸ್ 10 ಎಂದು ಕಾಣಿಸುತ್ತದೆ. ಒಳಗೆ ಬರುವುದು ಮೈನಸ್, ಹೊರಗೆ ಹೋಗುವುದು ಪ್ಲಸ್ ಎಂಬುದು ಇಲ್ಲಿನ ರೂಢಿ. ಹೊಸಬರು ಎಡವುವ ಮೊದಲ ಕಲ್ಲು ಇದೇ. ಪ್ಲಸ್ 10 ಹಾಕಿ, ಬ್ಯಾಕ್ಟೀರಿಯಾ ಗ್ಲೂಕೋಸನ್ನು ಹೊರಗೆ ಕಕ್ಕಲೇಬೇಕೆಂದು ಆಜ್ಞೆ ಮಾಡಿ, ಲೆಕ್ಕ ಬಗೆಹರಿಯದು ಎಂಬ ಉತ್ತರ ನೋಡಿ ತಲೆ ಕೆರೆದುಕೊಳ್ಳುತ್ತಾರೆ.

ಈಗ ಆಮ್ಲಜನಕ ಮುಚ್ಚಿ. ದರ 0.212ಕ್ಕೆ ಕುಸಿಯುತ್ತದೆ, ಇಮ್ಮಡಿಯಾಗಲು ಮೂರೂಕಾಲು ಗಂಟೆ ಬೇಕು. ಬರೀ ಆ ಅಂಕಿ ನೋಡಿ ಮುಚ್ಚಿಡಬೇಡಿ, ಹೊರಗೆ ಏನೇನು ಹೋಗುತ್ತಿದೆ ನೋಡಿ. ಫಾರ್ಮೇಟ್ 17.8, ಅಸಿಟೇಟ್ 8.5, ಎಥೆನಾಲ್ 8.3. ಗಾಳಿಯಿಲ್ಲದೆ ಬೆಳೆಸಿದಾಗ ಇ. ಕೋಲಿ ಹೊರಹಾಕುವ ಮಿಶ್ರ ಆಮ್ಲಗಳ ಬಗ್ಗೆ ಮೈಕ್ರೊಬಯಾಲಜಿ ಪುಸ್ತಕದಲ್ಲಿ ಓದಿದ್ದೀರಿ. ಯಾರೂ ಅದನ್ನು ಈ ಮಾಡೆಲಿಗೆ ಹೇಳಿಕೊಟ್ಟಿಲ್ಲ. ಸಮತೋಲ ಕಾಯ್ದುಕೊಂಡು ಬೆಳೆಯಲು ಹೊರಟಾಗ ತಾನಾಗಿ ಬಂದ ಉತ್ತರವದು. ಈ ವಿದ್ಯೆಯ ರುಚಿ ಹತ್ತುವುದು ಇಲ್ಲೇ.

ನನಗೆ ತುಂಬ ಇಷ್ಟವಾದ ಅಭ್ಯಾಸ ಎಟಿಪಿಯದು. ಬೆಳವಣಿಗೆಯ ಬದಲು ‘ಎಟಿಪಿ ಖರ್ಚು’ ಎಂಬ ಕ್ರಿಯೆಯನ್ನೇ ಗುರಿಯಾಗಿಸಿ, ಗ್ಲೂಕೋಸನ್ನು 1ಕ್ಕೆ ಇಳಿಸಿ. ಒಂದು ಗ್ಲೂಕೋಸಿಗೆ 17.5 ಎಟಿಪಿ ಎಂದು ಬರುತ್ತದೆ. ಪುಸ್ತಕದಲ್ಲಿ 38 ಎಂದಿತ್ತು, ಹೊಸ ಪುಸ್ತಕದಲ್ಲಾದರೆ 30ರಿಂದ 32. ಮಾಡೆಲ್ ತಪ್ಪೋ, ಪುಸ್ತಕ ತಪ್ಪೋ? ಕ್ರಿಯೆಗಳನ್ನು ಬಿಚ್ಚಿ ನೋಡಿ. ಈ ಮಾಡೆಲಿನಲ್ಲಿ ಒಂದು ಎನ್‌ಎಡಿಎಚ್‌ಗೆ ಮೊದಲ ಕಿಣ್ವ ಮೂರು ಪ್ರೋಟಾನ್, ಸೈಟೋಕ್ರೋಮ್ ಬಿ-ಡಿ ಎಂಬ ಕಿಣ್ವ ಎರಡು ಪ್ರೋಟಾನ್ ಹೊರದೂಡುತ್ತವೆ, ಒಟ್ಟು ಐದು. ಒಂದು ಎಟಿಪಿ ಕಟ್ಟಲು ನಾಲ್ಕು ಪ್ರೋಟಾನ್ ಬೇಕು. ಹಾಗಾಗಿ ಒಂದು ಎನ್‌ಎಡಿಎಚ್‌ಗೆ 1.25 ಎಟಿಪಿ. ಹೊಸ ಪುಸ್ತಕದ ಅಂಕಿ ಮೈಟೊಕಾಂಡ್ರಿಯಾದ್ದು, ಅಲ್ಲಿ ಒಂದು ಎನ್‌ಎಡಿಎಚ್‌ಗೆ ಸುಮಾರು 2.5. ಹೊಸ ಪುಸ್ತಕವೂ ಸರಿ, ಮಾಡೆಲೂ ಸರಿ, ಎರಡೂ ಹೇಳುತ್ತಿರುವುದು ಬೇರೆ ಬೇರೆ ಯಂತ್ರದ ಬಗ್ಗೆ. ಎಟಿಪಿ ಸಂಖ್ಯೆಯನ್ನು ಬಾಯಿಪಾಠ ಮಾಡಿದ ಎಷ್ಟೋ ವರ್ಷದ ನಂತರ ಅದು ಎಲ್ಲಿಂದ ಬಂತೆಂದು ತಿಳಿಯುವ ಸಂದರ್ಭ ಇದು.

ಇದೇ ಅಭ್ಯಾಸವನ್ನು ಆಮ್ಲಜನಕ ಮುಚ್ಚಿ ಮಾಡಹೊರಟರೆ ಲೆಕ್ಕ ಬಗೆಹರಿಯದು ಎಂಬ ಸಂದೇಶ ಬರಬಹುದು. ಗಾಬರಿ ಬೇಡ. ಬದುಕಿರಲು ಕನಿಷ್ಠ 8.39 ಎಟಿಪಿ ಖರ್ಚಾಗಲೇಬೇಕು ಎಂಬ ಷರತ್ತು ಆ ಕ್ರಿಯೆಯ ಮೇಲೆ ಮೊದಲೇ ಇದೆ. ಗಾಳಿಯಿಲ್ಲದೆ ಒಂದು ಗ್ಲೂಕೋಸಿನಿಂದ ಅಷ್ಟು ಹುಟ್ಟುವುದಿಲ್ಲ. ಷರತ್ತನ್ನು ಸೊನ್ನೆಗೆ ಇಳಿಸಿದರೆ 2.75 ಸಿಗುತ್ತದೆ.

ಇನ್ನು ಜೀನ್ ತೆಗೆಯುವ ಆಟ. ಸಿಟ್ರೇಟ್ ಸಿಂಥೇಸ್ ಕಿಣ್ವದ ಜೀನ್ ತೆಗೆದರೆ ಮಾಡೆಲ್ ಬೆಳೆಯುವುದೇ ಇಲ್ಲ. ಶಕ್ತಿ ಸಾಲದೆ ಹೀಗಾಯಿತು ಎಂದು ಹೆಚ್ಚಿನವರು ತಕ್ಷಣ ಹೇಳುತ್ತಾರೆ. ಕೊರತೆ ಇರುವುದು ಗ್ಲುಟಮೇಟ್ ಕಟ್ಟಲು ಬೇಕಾದ ಕಚ್ಚಾವಸ್ತುವಿನದು. ಪ್ರಯೋಗಾಲಯದಲ್ಲೂ ಈ ಜೀನ್ ಇಲ್ಲದ ಇ. ಕೋಲಿ ಬರೀ ಗ್ಲೂಕೋಸಿನ ಮೇಲೆ ಬೆಳೆಯುವುದಿಲ್ಲ, ಗ್ಲುಟಮೇಟ್ ಹಾಕಿದರೆ ಬೆಳೆಯುತ್ತದೆ. ಯಾವ ಜೀನ್ ಅನಿವಾರ್ಯ ಎಂಬುದು ತಟ್ಟೆಯಲ್ಲಿ ಏನು ಬಡಿಸಿದ್ದೀರಿ ಎಂಬುದರ ಮೇಲೆ ನಿಂತಿದೆ ಎಂದಾಯಿತು. ಔಷಧಿಯ ಗುರಿ ಹುಡುಕುವವರು ಇದನ್ನು ಮರೆತರೆ ಕೆಟ್ಟರು. ಗಾಜಿನ ತಟ್ಟೆಯ ಮೇಲೆ ಅನಿವಾರ್ಯವೆನಿಸಿದ ಜೀನು ರೋಗಿಯ ಶ್ವಾಸಕೋಶದೊಳಗೆ ಬೇಡವಾಗಿರಬಹುದು.

ಎಐ ಚಾಟ್‌ಬಾಟ್‌ಗಳ ಬಗ್ಗೆ ಒಂದು ಮಾತು. ಕೋಡ್ ಬರೆಸಿಕೊಳ್ಳಿ, ತಪ್ಪೇನಿಲ್ಲ. ಆದರೆ ಮಾಡೆಲಿನಲ್ಲಿ ಇಲ್ಲದೇ ಇರುವ ಕ್ರಿಯೆಯ ಹೆಸರನ್ನು ಅವು ನಿಸ್ಸಂಕೋಚವಾಗಿ ಬರೆದುಕೊಡುತ್ತವೆ. ಪ್ರತಿ ಹೆಸರನ್ನೂ ಬಿಗ್ ಮಾಡೆಲ್ಸ್ ಜಾಲತಾಣದಲ್ಲಿ ನೋಡಿಯೇ ಬಳಸಿ. ಉತ್ತರವನ್ನು ನಕ್ಷೆಯ ಮೇಲೆ ನೋಡಬೇಕೆನಿಸಿದರೆ ಎಷರ್ ಎಂಬ ಪುಕ್ಕಟೆ ಸಾಧನವಿದೆ.

ಜೀನೋಮಿನಿಂದ ಮಾಡೆಲಿಗೆ

ಬೇರೆಯವರ ಮಾಡೆಲ್ ಓಡಿಸುವುದು ಬಂದ ಮೇಲೆ ಸ್ವಂತದ್ದು ಕಟ್ಟುವ ಆಸೆ ಹುಟ್ಟುತ್ತದೆ. ಈ ಬಗೆಯ ಮೊದಲ ಪೂರ್ಣ ಮಾಡೆಲ್ ಬಂದದ್ದು 1999ರಲ್ಲಿ, ಹೀಮೋಫಿಲಸ್ ಇನ್‌ಫ್ಲುಯೆಂಜಾ ಬ್ಯಾಕ್ಟೀರಿಯಾದ್ದು, ಜೆರೆಮಿ ಎಡ್ವರ್ಡ್ಸ್ ಮತ್ತು ಬರ್ನ್‌ಹಾರ್ಡ್ ಪಾಲ್ಸನ್ ಅವರಿಂದ. ಕಟ್ಟುವ ವಿಧಾನವನ್ನು ಇನೆಸ್ ಥೀಲೆ ಮತ್ತು ಪಾಲ್ಸನ್ 2010ರಲ್ಲಿ 96 ಹೆಜ್ಜೆಗಳಾಗಿ ಬರೆದಿಟ್ಟಿದ್ದಾರೆ. ಚೆನ್ನಾಗಿ ಅಧ್ಯಯನವಾದ ಬ್ಯಾಕ್ಟೀರಿಯಾಕ್ಕೆ ಆರು ತಿಂಗಳು, ಮನುಷ್ಯನಿಗಾದರೆ ಆರು ಜನಕ್ಕೆ ಎರಡು ವರ್ಷ ಎಂಬುದು ಅವರು ಕೊಟ್ಟ ಅಂದಾಜು.

ಈಗ ಕಾರ್ವ್‌ಮಿ ಮೊದಲಾದ ತಂತ್ರಾಂಶಗಳು ಜೀನೋಮ್ ಫೈಲ್ ಕೊಟ್ಟರೆ ಕೆಲವೇ ನಿಮಿಷದಲ್ಲಿ ಮಾಡೆಲ್ ಇಳಿಸಿಕೊಡುತ್ತವೆ. ಆರು ತಿಂಗಳ ಕೆಲಸ ನಿಮಿಷಕ್ಕಿಳಿಯಿತೆಂದು ಹಿಗ್ಗಬೇಡಿ. ಮಾಡೆಲ್ ಬೆಳೆಯದಿದ್ದರೆ ತಂತ್ರಾಂಶವೇ ಖಾಲಿ ಜಾಗಕ್ಕೆ ಕ್ರಿಯೆಗಳನ್ನು ತುರುಕುತ್ತದೆ. ಜೀನಿನ ಆಧಾರವಿಲ್ಲದ ಕ್ರಿಯೆಯೂ ಹೀಗೆ ಒಳಸೇರಬಹುದು. ಸ್ಟೆರಾಲ್ ಹಾದಿಯೇ ಇಲ್ಲದ ಜೀವಿಗೆ ಹೀಗೆ ಸ್ಟೆರಾಲ್ ಹಾದಿ ಜೋಡಿಸಿಬಿಟ್ಟರೆ ಯಾವ ಔಷಧಿ ನಾಟುತ್ತದೆಂಬ ತೀರ್ಮಾನವೇ ತಲೆಕೆಳಗಾಗುತ್ತದೆ. ಅದಕ್ಕೇ ಒಂದು ಪರೀಕ್ಷೆಯನ್ನು ತಪ್ಪದೇ ಮಾಡಿ. ಒಳಗೆ ಬರುವ ಎಲ್ಲ ಬಾಗಿಲನ್ನೂ ಮುಚ್ಚಿ, ಕನಿಷ್ಠ ಎಟಿಪಿಯ ಷರತ್ತು ತೆಗೆದು, ಎಟಿಪಿಯನ್ನು ಗುರಿಯಾಗಿಸಿ ಓಡಿಸಿ. ಸೊನ್ನೆ ಬರಬೇಕು. ಉಪವಾಸ ಬಿದ್ದ ಮಾಡೆಲ್ ಎಟಿಪಿ ಹುಟ್ಟಿಸುತ್ತಿದೆಯೆಂದರೆ ಎಲ್ಲೋ ಒಂದು ಕ್ರಿಯೆ ತಪ್ಪು ದಿಕ್ಕಿಗೆ ತೆರೆದುಕೊಂಡಿದೆ, ಅದು ಸಿಗುವವರೆಗೂ ಆ ಮಾಡೆಲಿನ ಯಾವ ಅಂಕಿಯನ್ನೂ ನಂಬುವಂತಿಲ್ಲ. ಮೆಮೋಟ್ ಎಂಬ ತಂತ್ರಾಂಶ ಇಂಥ ಪರೀಕ್ಷೆಗಳನ್ನು ಸಾಲಾಗಿ ನಡೆಸಿ ಅಂಕ ಕೊಡುತ್ತದೆ. ಆ ಅಂಕ ಮಾಡೆಲಿನ ಅಚ್ಚುಕಟ್ಟಿಗೆ ಸಿಕ್ಕಿದ್ದು, ಸತ್ಯಕ್ಕೆ ಸಿಕ್ಕಿದ್ದಲ್ಲ.

ಮಾಡೆಲ್ ಎಲ್ಲಿ ಸುಳ್ಳು ಹೇಳುತ್ತದೆ

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರೀನಿವಾಸಪುರದಲ್ಲಿ ಹೇಮಾವತಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬು ಅರೆದ ಮೇಲೆ ಉಳಿಯುವ ಕಾಕಂಬಿಯನ್ನು ಯೀಸ್ಟ್ ಹುದುಗಿಸಿ ಎಥೆನಾಲ್ ಮಾಡುತ್ತದೆಂಬುದು ಈ ಕಡೆ ಎಲ್ಲರಿಗೂ ಗೊತ್ತು. ಯೀಸ್ಟಿನ ಸಾದಾ ಮಾಡೆಲಿಗೆ ಸಕ್ಕರೆಯನ್ನೂ ಆಮ್ಲಜನಕವನ್ನೂ ಧಾರಾಳವಾಗಿ ಕೊಟ್ಟು ಎಫ್‌ಬಿಎ ಓಡಿಸಿ. ಎಥೆನಾಲ್ ಸೊನ್ನೆ! ಆಮ್ಲಜನಕ ಇರುವಾಗ ಸಕ್ಕರೆಯನ್ನು ಪೂರ್ತಿ ಉರಿಸುವುದೇ ಲಾಭ ಎಂದು ಗಣಿತ ಹೇಳುತ್ತದೆ. ನಿಜವಾದ ಯೀಸ್ಟ್ ಸಕ್ಕರೆ ಹೆಚ್ಚಿದ್ದರೆ ಗಾಳಿ ಇದ್ದರೂ ಎಥೆನಾಲ್ ಮಾಡುತ್ತದೆ. ಕ್ರ್ಯಾಬ್‌ಟ್ರೀ ಪರಿಣಾಮ ಎಂದು ಅದಕ್ಕೆ ಹೆಸರು.

ಮಾಡೆಲ್ ತಪ್ಪಿದ್ದು ಯಾಕೆ? ಅಲ್ಲಿ ಕಿಣ್ವಗಳು ಬಿಟ್ಟಿ. ನಿಜವಾದ ಕೋಶಕ್ಕೆ ಕಿಣ್ವ ಕಟ್ಟುವುದೇ ಒಂದು ದೊಡ್ಡ ಖರ್ಚು, ಒಳಗಿನ ಜಾಗವೂ ಕಡಿಮೆ. ಉಸಿರಾಟದ ಸಾಲಿಗೆ ಪ್ರೋಟೀನು ಬಹಳ ಬೇಕು, ಎಥೆನಾಲ್ ಹಾದಿಗೆ ಕಡಿಮೆ ಸಾಕು. ಸಕ್ಕರೆ ಸುರಿಯುತ್ತಿರುವಾಗ ಕಡಿಮೆ ಪ್ರೋಟೀನಿನ ಹಾದಿಯೇ ವೇಗದ ಹಾದಿ. ಸ್ವೀಡನ್ನಿನ ಚಾಮರ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ಗೆಕ್ಕೊ ಎಂಬ ವಿಧಾನದಲ್ಲಿ ಈ ಪ್ರೋಟೀನ್ ಮಿತಿಯನ್ನು ಸೇರಿಸಿದಾಗ ಯೀಸ್ಟ್ ಮಾಡೆಲಿಗೂ ಎಥೆನಾಲ್ ಮಾಡುವುದು ಬಂತು.

ಎಫ್‌ಬಿಎ ಅಣುಗಳ ಸಾಂದ್ರತೆ ಹೇಳುವುದಿಲ್ಲ, ಯಾವ ಜೀನ್ ಯಾವಾಗ ಆನ್ ಆಗುತ್ತದೆಂದೂ ಹೇಳುವುದಿಲ್ಲ. ಗರಿಷ್ಠ ಬೆಳವಣಿಗೆಯ ಅಂಕಿ ಒಂದೇ ಆದರೂ ಅದನ್ನು ತಲುಪುವ ಹಾದಿಗಳು ಹಲವಿರಬಹುದು, ನಿಮ್ಮ ಪರದೆಯ ಮೇಲೆ ಕಂಡದ್ದು ಅವುಗಳಲ್ಲಿ ಒಂದು. ಒಂದು ಕ್ರಿಯೆಯ ಹರಿವನ್ನು ತೋರಿಸಿ ‘ಇಷ್ಟೇ’ ಎನ್ನುವ ಮುಂಚೆ ಫ್ಲಕ್ಸ್ ವೇರಿಯಬಿಲಿಟಿ ಅನಾಲಿಸಿಸ್ ಓಡಿಸಿ ಅದರ ಕನಿಷ್ಠ, ಗರಿಷ್ಠ ಎರಡನ್ನೂ ನೋಡಿ. ಪ್ರಾಜೆಕ್ಟ್ ವೈವಾದಲ್ಲಿ ಈ ಪ್ರಶ್ನೆ ಬಂದರೆ ಉತ್ತರ ಇರಲಿ.

ಯಾರ ಹತ್ತಿರ, ಎಲ್ಲಿ

ಮೊದಲು ಓದಬೇಕಾದದ್ದು ಓರ್ತ್, ಥೀಲೆ, ಪಾಲ್ಸನ್ 2010ರಲ್ಲಿ ‘ನೇಚರ್ ಬಯೋಟೆಕ್ನಾಲಜಿ’ಯಲ್ಲಿ ಬರೆದ ‘ವಾಟ್ ಈಸ್ ಫ್ಲಕ್ಸ್ ಬ್ಯಾಲೆನ್ಸ್ ಅನಾಲಿಸಿಸ್?’ ಎಂಬ ನಾಲ್ಕೇ ಪುಟದ ಲೇಖನ. ವಿಡಿಯೊ ನೋಡುವ ಮೊದಲು ಅದನ್ನು ಎರಡು ಸಲ ಓದಿ. ಆಮೇಲೆ ಎನ್‌ಪಿಟಿಇಎಲ್‌ನಲ್ಲಿ ‘ಕಂಪ್ಯೂಟೇಷನಲ್ ಸಿಸ್ಟಮ್ಸ್ ಬಯಾಲಜಿ’ ಕೋರ್ಸ್. ಹೇಳಿಕೊಡುವವರು ಮೇಲೆ ಹೇಳಿದ ಕಾರ್ತಿಕ್ ರಾಮನ್, ಈಗ ಐಐಟಿ ಮದ್ರಾಸಿನಲ್ಲಿ ಪ್ರಾಧ್ಯಾಪಕರು. ಪಾಠ ಪುಕ್ಕಟೆ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಅದೇ ವಿಷಯದ ಮೇಲೆ ಅವರ ಪುಸ್ತಕವೂ 2021ರಲ್ಲಿ ಬಂದಿದೆ. ಪಾಲ್ಸನ್ ಅವರ 2015ರ ಪಠ್ಯಪುಸ್ತಕ ದಪ್ಪ, ಬೆಲೆಯೂ ಹೆಚ್ಚು. ಲೈಬ್ರರಿಗೆ ತರಿಸಿ ಎಂದು ಮೇಷ್ಟ್ರನ್ನು ಕೇಳಿ.

ಇಂಗ್ಲಿಷ್ ತೊಡಕೆನಿಸಿದರೆ ಕನ್ನಡದಲ್ಲೇ ಟಿಪ್ಪಣಿ ಮಾಡಿಕೊಳ್ಳಿ. ಈ ವಿಷಯದಲ್ಲಿ ಪದೇ ಪದೇ ಬರುವ ಪದಗಳು ಐವತ್ತು ದಾಟುವುದಿಲ್ಲ.

ಪ್ರಾಜೆಕ್ಟಿಗೆ ವಿಷಯ ಬೇಕೆಂದರೆ ಮೊಸರನ್ನು ಆರಿಸಿಕೊಳ್ಳಿ ಎನ್ನುತ್ತೇನೆ. ಹಾಸನ ಹಾಲು ಒಕ್ಕೂಟದ ಜಿಲ್ಲೆಯವರಿಗೆ ಅದರಷ್ಟು ಹತ್ತಿರದ್ದು ಯಾವುದಿದೆ? ಕಾರ್ಖಾನೆಯ ಯೋಗರ್ಟಿನಲ್ಲಿ ಬಳಸುವ ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಬ್ಯಾಕ್ಟೀರಿಯಾದ ಮಾಡೆಲ್ 2009ರಲ್ಲೇ ಪ್ರಕಟವಾಗಿದೆ. ಅದರ ಜೊತೆಗಾರ ಲ್ಯಾಕ್ಟೊಬ್ಯಾಸಿಲಸ್ ಬಲ್ಗೇರಿಕಸ್ ಹಾಲಿನ ಪ್ರೋಟೀನನ್ನು ಒಡೆದು ಅಮೈನೊ ಆಮ್ಲ ಒದಗಿಸುತ್ತದೆ, ಥರ್ಮೊಫಿಲಸ್ ಅದಕ್ಕೆ ಫಾರ್ಮಿಕ್ ಆಮ್ಲ, ಫೋಲಿಕ್ ಆಮ್ಲ ಕೊಡುತ್ತದೆ. ಲ್ಯಾಕ್ಟೋಸ್ ಎಷ್ಟು ಒಳಗೆ ಹೋದರೆ ಲ್ಯಾಕ್ಟಿಕ್ ಆಮ್ಲ ಎಷ್ಟು ಬರಬೇಕೆಂದು ಲೆಕ್ಕ ಹಾಕಿ, ಕಾಲೇಜಿನ ಲ್ಯಾಬಿನಲ್ಲೇ ಹಾಲು ಹೆಪ್ಪು ಹಾಕಿ ಟೈಟ್ರೇಷನ್ ಮಾಡಿ ಹೋಲಿಸಬಹುದು. ಬ್ಯೂರೆಟ್, ಸೋಡಿಯಂ ಹೈಡ್ರಾಕ್ಸೈಡ್, ಫಿನಾಲ್ಫ್ತಲೀನ್ ಇಲ್ಲದ ಕಾಲೇಜು ಯಾವುದೂ ಇಲ್ಲ. ಮನೆಯ ಹೆಪ್ಪಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳೂ ಇರುವುದರಿಂದ ಅಂಕಿ ಅಷ್ಟಿಷ್ಟು ಬೇರೆಯಾಗುತ್ತದೆ. ಎಷ್ಟು ಬೇರೆ, ಯಾಕೆ ಎಂದು ಬರೆದರೆ ಅದೇ ಪ್ರಾಜೆಕ್ಟಿನ ಅರ್ಧ ಭಾಗ. ಕಾರೇಕೆರೆಯ ಕೃಷಿ ಮಹಾವಿದ್ಯಾಲಯದವರಿಗೆ ಅಂಗಮಾರಿಯ ಮಾಡೆಲೂ ಇದೆ, ಆದರೆ ಮೊದಲ ಪ್ರಾಜೆಕ್ಟಿಗೆ ಅದು ಭಾರವಾದೀತು.

ಈ ವಿದ್ಯೆಯ ಹೆಸರು ಹೇಳಿಕೊಂಡು ಬರುವ ಕೆಲಸದ ಜಾಹೀರಾತುಗಳು ನಮ್ಮಲ್ಲಿ ಕಡಿಮೆ. ಹುದುಗಿಸುವಿಕೆಯ ಉದ್ಯಮ, ಔಷಧಿ ಸಂಶೋಧನೆ, ಪಿಎಚ್‌ಡಿ ಕಡೆಗೆ ಇದು ಒಯ್ಯುತ್ತದೆ. ಕಲಿತ ಪೈಥಾನ್ ಮತ್ತು ಲೀನಿಯರ್ ಪ್ರೋಗ್ರಾಮಿಂಗ್ ಹೇಗೂ ಬೇರೆ ಕಡೆ ಅನ್ನಕ್ಕೆ ಬರುತ್ತವೆ.

ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಎರಡು ತಿಂಗಳು ಕೂರಬೇಕೆನಿಸಿದರೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ. ಅರ್ಜಿ ಕರೆಯುವುದು ವರ್ಷದ ಕೊನೆಯ ತಿಂಗಳುಗಳಲ್ಲಿ, ಬೇಸಿಗೆ ಬಂದ ಮೇಲೆ ಹುಡುಕಿದರೆ ಪ್ರಯೋಜನವಿಲ್ಲ. ಮೇಷ್ಟ್ರ ಶಿಫಾರಸು ಪತ್ರವೂ ಬೇಕು, ಅವರಿಗೆ ಮೊದಲೇ ಹೇಳಿಡಿ. ನೇರವಾಗಿ ಪ್ರಾಧ್ಯಾಪಕರಿಗೆ ಬರೆಯುವುದಾದರೆ ‘ನಿಮ್ಮ ಸಂಶೋಧನೆಯಲ್ಲಿ ಅಪಾರ ಆಸಕ್ತಿ’ ಎಂಬ ಸಾಲು ಬಿಡಿ, ಅವರಿಗೆ ಅಂಥ ಪತ್ರ ದಿನವೂ ಬರುತ್ತದೆ. ನೀವು ಓಡಿಸಿದ ಮಾಡೆಲ್ ಯಾವುದು, ಅದು ಪ್ರಯೋಗಕ್ಕೆ ಹೊಂದದ ಉತ್ತರ ಕೊಟ್ಟದ್ದು ಎಲ್ಲಿ, ಅದಕ್ಕೆ ನಿಮಗೆ ಹೊಳೆದ ಕಾರಣವೇನು, ಇಷ್ಟನ್ನು ಹತ್ತು ಸಾಲಿನಲ್ಲಿ ಬರೆಯಿರಿ. ಕೊಲ್ಯಾಬ್ ನೋಟ್‌ಬುಕ್ಕಿನ ಲಿಂಕನ್ನು ಕೊನೆಯಲ್ಲಿ ಹಾಕಿ. ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು ಎಂಬ ಅನುಮತಿ ಕೊಟ್ಟಿದ್ದೀರಾ ಎಂದು ಕಳಿಸುವ ಮುಂಚೆ ಒಮ್ಮೆ ನೋಡಿಕೊಳ್ಳಿ.